ಸಾಲ, ಸಾಲು, ಸಿಟ್ಟು: ಲಂಕೆಯ ಅರಗಲಯ ಒಡೆದದ್ದೆಲ್ಲಿ?

2022ರ ಮಾರ್ಚ್ ಕೊನೆಯ ವಾರ. ಶ್ರೀಲಂಕಾದಲ್ಲಿ ದಿನಕ್ಕೆ 13 ಗಂಟೆ ಕರೆಂಟ್ ಇಲ್ಲ. ಪೆಟ್ರೋಲ್ ಬಂಕುಗಳಿಗೆ ಸೇನೆಯ ಕಾವಲು. ಖಾಲಿ ಗ್ಯಾಸ್ ಸಿಲಿಂಡರುಗಳನ್ನು ಒಂದಕ್ಕೊಂದು ಸರಪಳಿ ಬಿಗಿದು ಫುಟ್‌ಪಾತಿನ ಉದ್ದಕ್ಕೂ ನಿಲ್ಲಿಸಿದ್ದಾರೆ, ಏಕೆಂದರೆ ಲಾರಿ ಇವತ್ತು ಬರುತ್ತದೋ ನಾಳೆಯೋ ಯಾರಿಗೂ ಗೊತ್ತಿಲ್ಲ. ಪೆಟ್ರೋಲ್, ಸೀಮೆಎಣ್ಣೆಗೆಂದು ಬಿಸಿಲಲ್ಲಿ ನಿಂತಿದ್ದ ವೃದ್ಧರು ಸರದಿಯಲ್ಲೇ ಕುಸಿದು ಪ್ರಾಣ ಬಿಟ್ಟರು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದವಿಲ್ಲವೆಂದು ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದಲ್ಲಿ ಶಾಲಾ ಪರೀಕ್ಷೆಗಳನ್ನು ಮುಂದೂಡಿದರು. ಕನ್ನಡದಲ್ಲಿ ಸಾಲಕ್ಕೂ ಸಾಲಿಗೂ ಒಂದು ಕೊಂಬಿನ ವ್ಯತ್ಯಾಸ. ಆ ದೇಶದಲ್ಲಿ ಅಷ್ಟೂ ಉಳಿದಿರಲಿಲ್ಲ. ಸರ್ಕಾರ ಮಾಡಿದ ಸಾಲ ನೇರವಾಗಿ ಜನ ನಿಲ್ಲುವ ಸಾಲಾಗಿತ್ತು.

ಮಾರ್ಚ್ 31ರ ರಾತ್ರಿ ಕೊಲಂಬೊ ಹೊರವಲಯದ ಮಿರಿಹಾನದಲ್ಲಿ, ಅಧ್ಯಕ್ಷ ಗೋಟಬಯ ರಾಜಪಕ್ಸ ಅವರ ಸ್ವಂತ ಮನೆಯ ದಾರಿಗೆ ಜನ ನುಗ್ಗಿದರು. ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ. ಅದಕ್ಕೆ ಕೆಲವು ವಾರ ಮುಂಚಿನಿಂದ ಉಪನಗರಗಳ ವೃತ್ತಗಳಲ್ಲಿ ಸಂಜೆ ಹೊತ್ತು ಮೇಣದಬತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ ಸಣ್ಣ ಗುಂಪುಗಳಿದ್ದವು. ಆ ಮೌನ ಅಂದು ರಾತ್ರಿ ಮುರಿಯಿತು. ಬಸ್ಸಿಗೆ ಬೆಂಕಿ ಬಿತ್ತು, ಅಶ್ರುವಾಯು ಸಿಡಿಯಿತು, ಹತ್ತಾರು ಜನರ ಬಂಧನವಾಯಿತು. ಮರುದಿನ ಅವರ ಪರವಾಗಿ ನೂರಾರು ವಕೀಲರು ಒಂದು ಪೈಸೆ ಪಡೆಯದೆ ನಿಂತರು. ಏಪ್ರಿಲ್ 1ಕ್ಕೆ ತುರ್ತುಪರಿಸ್ಥಿತಿ, 2ರ ಸಂಜೆಯಿಂದ 36 ಗಂಟೆ ಕರ್ಫ್ಯೂ, 3ಕ್ಕೆ ಸಾಮಾಜಿಕ ಜಾಲತಾಣಗಳಿಗೆ ತಡೆ. ಅದೇ ರಾತ್ರಿ ಸಂಪುಟ ರಾಜೀನಾಮೆ ಕೊಟ್ಟಿತು. ಏಪ್ರಿಲ್ 9ರಂದು ಸಮುದ್ರದಂಚಿನ ಗಾಲೆ ಫೇಸ್ ಮೈದಾನಕ್ಕೆ ಸಾವಿರಗಟ್ಟಲೆ ಜನ ಬಂದರು. ಸಂಜೆಯಾದರೂ ವಾಪಸ್ ಹೋಗಲಿಲ್ಲ.

ಇದಕ್ಕೆ ಸಿಂಹಳದಲ್ಲಿ ಅರಗಲಯ ಎಂದು ಹೆಸರು. ತಮಿಳಿನವರು ಪೋರಾಟ್ಟಂ ಎಂದರು, ನಮ್ಮ ‘ಹೋರಾಟ’ದ ಒಡಹುಟ್ಟಿದ ಮಾತು. ಮೈದಾನದ ಡೇರೆಗಳ ಊರಿಗೆ ಗೋಟಾಗೋಗಮ ಎಂದು ಹೆಸರಿಟ್ಟರು. ‘ಗಮ’ ಎಂದರೆ ಗ್ರಾಮ. ಎದುರಿಗೇ ಹಳೆಯ ಸಂಸತ್ ಭವನದಲ್ಲಿ ಅಧ್ಯಕ್ಷರ ಸಚಿವಾಲಯ. ಪ್ರತಿಭಟನೆ ಮಾಡುವವರು ಇಲ್ಲಿ ಮಾಡಿ ಎಂದು ಆ ಜಾಗವನ್ನು 2020ರಲ್ಲಿ ಗುರುತು ಮಾಡಿ, ಫಲಕ ಹಾಕಿಸಿದ್ದು ಗೋಟಬಯ ಅವರೇ.

ಜುಲೈ 9ರಂದು ಅಧ್ಯಕ್ಷರ ಮನೆಯ ಈಜುಕೊಳಕ್ಕೆ ಜನ ಧುಮುಕಿದ ವಿಡಿಯೊವನ್ನು ಜಗತ್ತೆಲ್ಲ ನೋಡಿತು. ಆ ದೃಶ್ಯ ನೋಡಿದವರಿಗೆ ಇಡೀ ದೇಶ ಒಂದೇ ಮನಸ್ಸಿನಿಂದ ಎದ್ದಿತ್ತು ಅನ್ನಿಸುವುದು ಸಹಜ. ಎದ್ದದ್ದು ಹೌದು, ಮನಸ್ಸು ಒಂದೇ ಇರಲಿಲ್ಲ. ‘ಗೋಟಾ ಗೋ ಹೋಮ್’ ಎಂಬ ಕೂಗಿಗೆ ಅಷ್ಟು ಜನ ಸೇರಿದ್ದು ಅದು ಯಾರನ್ನೂ ‘ಯಾಕೆ ಬಂದೆ’ ಎಂದು ಕೇಳದೇ ಇದ್ದುದರಿಂದ. ‘ಆಮೇಲೆ ಯಾರು’ ಎಂಬುದನ್ನೂ ಅದು ಕೇಳಲಿಲ್ಲ. ಮೊದಲನೆಯದು ಅದರ ಬಲವಾಗಿತ್ತು. ಎರಡನೆಯದಕ್ಕೆ ಅದು ತೆತ್ತ ಬೆಲೆ ದೊಡ್ಡದು. ಈ ಬರಹ ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹೋಗುತ್ತದೆ.

ಮೊದಲು, ಯಾಕೆ ಬಂದರು. ಬೀದಿಗಿಳಿದವರಲ್ಲಿ ಬಹುಪಾಲು ಜನ 2019ರ ನವೆಂಬರ್‌ನಲ್ಲಿ ಗೋಟಬಯ ಅವರಿಗೇ ಮತ ಹಾಕಿದವರು. ಅವರು ಗೆದ್ದದ್ದು ಶೇ 52.25 ಮತಗಳಿಂದ, ಸುಮಾರು 69 ಲಕ್ಷ. ಆ ‘69 ಲಕ್ಷ’ ಎಂಬ ಅಂಕಿ ಲಂಕೆಯಲ್ಲಿ ಒಂದು ಗಾದೆಯೇ ಆಗಿಹೋಗಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಅವರ ಪಕ್ಷಕ್ಕೆ 225ರಲ್ಲಿ 145 ಸ್ಥಾನ. ಇಷ್ಟು ಕೊಟ್ಟು ಎರಡೂವರೆ ವರ್ಷಕ್ಕೆ ಮಗುವಿಗೆ ಹಾಲಿನ ಪುಡಿ ಸಿಗದಂತಾದಾಗ ಬಂದ ಸಿಟ್ಟಿನಲ್ಲಿ ಪಶ್ಚಾತ್ತಾಪವೂ ಸೇರಿತ್ತು. ತಾನೇ ಆರಿಸಿ ತಂದವನು ಕೈಕೊಟ್ಟಾಗಿನ ಸಿಟ್ಟು, ಮೊದಲಿನಿಂದಲೂ ವಿರೋಧಿಸಿದವನ ಸಿಟ್ಟಿಗಿಂತ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಮುಂದೆ ಜುಲೈನಲ್ಲಿ ನಡೆದದ್ದು ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ಹಳ್ಳಿಯ ಸಿಟ್ಟು ನಗರದ ಸಿಟ್ಟಿಗಿಂತ ಒಂದು ವರ್ಷ ಹಿರಿಯದು. 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಂದೇ ಏಟಿಗೆ ನಿಲ್ಲಿಸಿದರು. ಸಾವಯವಕ್ಕೆ ಹೋಗುತ್ತೇವೆ ಎಂಬ ಘೋಷಣೆಯ ಹಿಂದೆ ಡಾಲರ್ ಉಳಿಸುವ ಆತುರವೂ ಇತ್ತು. ನೆಲ ಸಾವಯವಕ್ಕೆ ಒಗ್ಗಲು ಹಲವು ವರ್ಷ ಬೇಕು. ಬದಲಿ ಗೊಬ್ಬರ ಅಷ್ಟು ಪ್ರಮಾಣದಲ್ಲಿ ದೇಶದಲ್ಲಿ ಇರಲಿಲ್ಲ. ಚೀನಾದಿಂದ ಹಡಗಿನಲ್ಲಿ ಬಂದ ಸಾವಯವ ಗೊಬ್ಬರದಲ್ಲಿ ಹಾನಿಕರ ಬ್ಯಾಕ್ಟೀರಿಯಾ ಇದೆಯೆಂದು ಲಂಕೆಯ ತಜ್ಞರೇ ತಿರಸ್ಕರಿಸಿದರು. ಕೊನೆಗೆ ಆ ಸರಕು ಇಳಿಸಿಕೊಳ್ಳದೆಯೂ 69 ಲಕ್ಷ ಡಾಲರ್ ತೆರಬೇಕಾಯಿತು. ನವೆಂಬರ್‌ನಲ್ಲಿ ನಿಷೇಧ ಹಿಂಪಡೆಯುವ ಹೊತ್ತಿಗೆ ‘ಮಹಾ’ ಎಂಬ ಭತ್ತದ ಮುಖ್ಯ ಹಂಗಾಮಿನ ಬಿತ್ತನೆ ಶುರುವಾಗಿತ್ತು. ಯೂರಿಯಾ ಕಾಣದ ಭತ್ತ ಹಳದಿ ತಿರುಗಿತು. ಆ ಹಂಗಾಮಿನ ಇಳುವರಿ ಹೆಚ್ಚುಕಡಿಮೆ ಶೇ 40ರಷ್ಟು ಕುಸಿಯಿತು. ಆ ವರ್ಷವಿಡೀ ರೈತರು ಹೆದ್ದಾರಿ ತಡೆದು ಕೂಗಿದಾಗ ಕೊಲಂಬೊ ಅಷ್ಟಾಗಿ ಕಿವಿಗೊಡಲಿಲ್ಲ ಎಂಬುದನ್ನು ಹೇಳಲೇಬೇಕು. ಅದೇ ವರ್ಷ ಶಾಲಾ ಶಿಕ್ಷಕರು ವೇತನ ತಾರತಮ್ಯದ ವಿರುದ್ಧ ಸುಮಾರು ನೂರು ದಿನ ಆನ್‌ಲೈನ್ ಪಾಠ ನಿಲ್ಲಿಸಿದ್ದರು. ವಿದ್ಯಾರ್ಥಿ ಸಂಘಟನೆಗಳು ರಕ್ಷಣಾ ವಿಶ್ವವಿದ್ಯಾಲಯ ಮಸೂದೆಯ ವಿರುದ್ಧ ಬೀದಿಯಲ್ಲಿದ್ದವು. 2022ರಲ್ಲಿ ಎಲ್ಲವೂ ದಿಢೀರನೆ ಆಯಿತು ಎಂಬುದು ನಗರದವರ ನೆನಪಷ್ಟೇ.

ನಗರದ ಮಧ್ಯಮ ವರ್ಗದ ಕಥೆ ಬೇರೆ. 2019ರ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿತು, ಸಂಬಳದಲ್ಲೇ ಹಿಡಿಯುತ್ತಿದ್ದ ಆದಾಯ ತೆರಿಗೆಯನ್ನು ತೆಗೆದುಹಾಕಿತು. ಆಗ ಅದಕ್ಕೆ ಚಪ್ಪಾಳೆ ಬಿತ್ತು. ಸರ್ಕಾರದ ತೆರಿಗೆ ಆದಾಯ ಜಿಡಿಪಿಯ ಶೇ 12ರ ಹತ್ತಿರವಿದ್ದದ್ದು ಎರಡು ವರ್ಷಕ್ಕೆ ಶೇ 8ರ ಹತ್ತಿರಕ್ಕೆ ಬಿತ್ತು. ಹೊರಗಿನ ರೇಟಿಂಗ್ ಸಂಸ್ಥೆಗಳು ಲಂಕೆಯ ದರ್ಜೆ ಇಳಿಸಿದವು, ಹೊಸ ಸಾಲ ಹುಟ್ಟದಾಯಿತು. ಕೋವಿಡ್‌ನಿಂದ ಪ್ರವಾಸಿಗರು ಬರಲಿಲ್ಲ. 2019ರ ಕೊನೆಗೆ 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ 2022ರ ಮಾರ್ಚ್‌ಗೆ 190 ಕೋಟಿಗೆ ಬಂತು. ಅದರಲ್ಲೂ 150 ಕೋಟಿ ಚೀನಾದೊಂದಿಗಿನ ಕರೆನ್ಸಿ ವಿನಿಮಯದ ಲೆಕ್ಕ, ಎಣ್ಣೆಗೆ ಔಷಧಿಗೆ ಬಳಸಲು ಬಾರದ್ದು. ಹೀಗಿದ್ದೂ ಜನವರಿ 18ರಂದು 50 ಕೋಟಿ ಡಾಲರ್ ಬಾಂಡ್ ಹಣವನ್ನು ಒಂದೇ ಗಂಟಿಗೆ ಕಟ್ಟಿದರು. ಏಪ್ರಿಲ್ 12ಕ್ಕೆ, ಸುಮಾರು 5,100 ಕೋಟಿ ಡಾಲರ್ ವಿದೇಶಿ ಸಾಲದ ಕಂತು ಕಟ್ಟಲಾರೆವು ಎಂದು ಕೈಚೆಲ್ಲಿದರು. ಮೇ ಮೊದಲ ವಾರ, ಖರ್ಚಿಗೆ ಬರುವ ಡಾಲರ್ 5 ಕೋಟಿಯೂ ಇಲ್ಲವೆಂದು ಹಣಕಾಸು ಸಚಿವರೇ ಸಂಸತ್ತಿನಲ್ಲಿ ಒಪ್ಪಿಕೊಂಡರು. ಡಾಲರಿಗೆ 200ರ ಆಸುಪಾಸಿದ್ದ ಲಂಕಾ ರೂಪಾಯಿ 360ಕ್ಕೆ ಇಳಿಯಿತು. 12.5 ಕಿಲೋ ಗ್ಯಾಸ್ ಸಿಲಿಂಡರ್ 2,675 ರೂಪಾಯಿಯಿಂದ 4,860 ಆಯಿತು. ಡಿಸೆಂಬರ್‌ನಲ್ಲಿ 177 ಇದ್ದ ಪೆಟ್ರೋಲ್ ಜೂನ್ ಕೊನೆಗೆ 470.

ಈ ವರ್ಗಕ್ಕೆ ಬೇಕಿದ್ದದ್ದು ಕರೆಂಟು, ಪೆಟ್ರೋಲು, ಕದ್ದ ಹಣ ವಾಪಸ್. ‘ಹೊರು’, ಅಂದರೆ ಕಳ್ಳರು, ಎಂಬ ಪದವೇ ಇವರ ವಿಶ್ಲೇಷಣೆಯೂ ಆಗಿತ್ತು. ರಾಜಪಕ್ಸ ಕುಟುಂಬ ಕದ್ದದ್ದನ್ನು ತಂದಿಟ್ಟರೆ ದೇಶದ ಸಾಲ ತೀರುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದವರು ಬಹಳ. ಭ್ರಷ್ಟಾಚಾರ ನಿಜ, ಆದರೆ ಬೊಕ್ಕಸ ಬರಿದಾಗಲು ತೆರಿಗೆ ಕಡಿತದ ಪಾಲು ದೊಡ್ಡದು; ಆ ಕಡಿತದ ಲಾಭ ಪಡೆದವರೂ ಮೈದಾನದಲ್ಲಿದ್ದರು. 2023ರ ಜನವರಿಯಲ್ಲಿ ಆದಾಯ ತೆರಿಗೆಯ ಮೇಲಿನ ಹಂತ ಶೇ 36ಕ್ಕೆ ಏರಿದಾಗ ವೈದ್ಯರು, ಬ್ಯಾಂಕ್ ನೌಕರರು, ಪ್ರಾಧ್ಯಾಪಕರು ಮತ್ತೆ ಬೀದಿಗೆ ಬಂದದ್ದು ಅದೇ ತೆರಿಗೆಯ ವಿರುದ್ಧ. ಎಡಪಂಥೀಯ ವಿದ್ಯಾರ್ಥಿಗಳು ಕೇಳುತ್ತಿದ್ದ ‘ಸಿಸ್ಟಮ್ ಚೇಂಜ್’ಗೂ ಇವರು ಕೇಳುತ್ತಿದ್ದ ‘ಸಿಸ್ಟಮ್ ಚೇಂಜ್’ಗೂ ಪದ ಮಾತ್ರ ಒಂದೇ. ಒಬ್ಬರಿಗೆ ಅದು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಇಲ್ಲದ ಆರ್ಥಿಕತೆ, ಇನ್ನೊಬ್ಬರಿಗೆ ಬೇಗ ಐಎಂಎಫ್ ಬಳಿ ಹೋಗುವ ಜಾಣ ಸರ್ಕಾರ.

ಕ್ಯಾಥೊಲಿಕರು ಬಂದದ್ದು 2019ರ ಏಪ್ರಿಲ್ 21ರ ಈಸ್ಟರ್ ಬಾಂಬ್ ಸ್ಫೋಟಗಳ ನ್ಯಾಯಕ್ಕಾಗಿ. ಸುಮಾರು 270 ಜನ ಸತ್ತ ಆ ದಿನದ ಭಯವೇ ಗೋಟಬಯ ಅವರನ್ನು ಗದ್ದುಗೆಗೆ ಏರಿಸಿತ್ತು. ತನಿಖೆ ಮಾತ್ರ ಮುಂದೆ ಸಾಗಲಿಲ್ಲ. ಮುಸ್ಲಿಮರಿಗೆ ಬೇರೆಯದೇ ಗಾಯವಿತ್ತು. ಹೂಳಿದರೆ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದರೂ, 2020ರ ಮಾರ್ಚ್ ಕೊನೆಯಿಂದ 2021ರ ಫೆಬ್ರುವರಿವರೆಗೆ ಕೋವಿಡ್‌ನಿಂದ ಸತ್ತವರ ದೇಹಗಳನ್ನು, ಇಪ್ಪತ್ತು ದಿನದ ಒಂದು ಕೂಸನ್ನೂ ಸೇರಿಸಿ, ಬಲವಂತವಾಗಿ ಸುಟ್ಟರು. ಎರಡು ವರ್ಷದ ಹಿಂದೆ ಅನುಮಾನದಿಂದ ನೋಡುತ್ತಿದ್ದ ನೆರೆಯವರ ಜೊತೆ ರಂಜಾನ್ ತಿಂಗಳಲ್ಲಿ ಗಾಲೆ ಫೇಸಿನ ಹುಲ್ಲಿನ ಮೇಲೆ ಕೂತು ಇಫ್ತಾರ್ ಮಾಡಿದ್ದು ಆ ಸಮುದಾಯಕ್ಕೆ ಸಣ್ಣ ಸಂಗತಿಯಲ್ಲ. ಚಹಾ ತೋಟದ ಮಲೆನಾಡ ತಮಿಳರಿಗೆ ಲೆಕ್ಕ ಸರಳವಿತ್ತು. 2021ರಲ್ಲಿ ಹೋರಾಡಿ ಪಡೆದ ದಿನಗೂಲಿ 1,000 ರೂಪಾಯಿ ಆಗ ಐದು ಡಾಲರಿಗೆ ಸಮ. ಒಂದು ವರ್ಷದಲ್ಲಿ ಅದೇ ನೋಟು ಮೂರು ಡಾಲರೂ ಬಾಳದಾಯಿತು, ರೊಟ್ಟಿಯ ಮೈದಾ ಕೈಗೆಟುಕದಾಯಿತು. ಆದರೆ ಒಂದು ದಿನ ಕೆಲಸ ಬಿಟ್ಟರೆ ಆ ದಿನದ ಕೂಲಿಯೂ ಹೋಗುವವರು ಕೊಲಂಬೊದಲ್ಲಿ ವಾರಗಟ್ಟಲೆ ಡೇರೆ ಹಾಕಿ ಕೂರಲಾಗುತ್ತದೆಯೇ?

ಇನ್ನು ದೇಶದ ಉತ್ತರ ಭಾಗದ ತಮಿಳರು. ಅರಗಲಯದ ಬಗ್ಗೆ ಬಂದ ಮೆಚ್ಚುಗೆಯ ಬರಹಗಳಲ್ಲಿ ಹೆಚ್ಚಿನವು ಇಲ್ಲಿ ಒಂದು ಸಾಲು ಬರೆದು ದಾಟಿಬಿಡುತ್ತವೆ. ಯಾಳ್ಪಾಣ (ಜಾಫ್ನಾ), ಕಿಲಿನೊಚ್ಚಿ, ಮುಲ್ಲೈತೀವುಗಳಲ್ಲಿ ಕೊಲಂಬೊ ಮಾದರಿಯ ಜನಸಾಗರ ಕಾಣಲಿಲ್ಲ. ಅಲ್ಲಿಯ ಜನ ಕಷ್ಟದಲ್ಲಿರಲಿಲ್ಲವೆಂದಲ್ಲ. ಸೀಮೆಎಣ್ಣೆಯಿಲ್ಲದೆ ಮೀನುಗಾರರ ದೋಣಿಗಳು ದಡದಲ್ಲೇ ನಿಂತಿದ್ದವು. ಆದರೆ ಕೊಲಂಬೊಗೆ ಹೊಸದಾದದ್ದು ಇವರಿಗೆ ಹಳೆಯದು. 1990ರ ದಶಕದ ಯುದ್ಧಕಾಲದ ಆರ್ಥಿಕ ದಿಗ್ಬಂಧನದಲ್ಲಿ ಪೆಟ್ರೋಲಿನ ಕೆಲವು ಹನಿ ಬಿಟ್ಟು ಎಂಜಿನ್ ಶುರು ಮಾಡಿ, ಆಮೇಲೆ ಸೀಮೆಎಣ್ಣೆಯಲ್ಲಿ ಮೋಟಾರ್ ಸೈಕಲ್ ಓಡಿಸಿದವರು, ಜಾಮ್ ಬಾಟಲಿಯ ದೀಪದಲ್ಲಿ ಓದಿದವರು ಅವರು. ಅವರ ಪ್ರಶ್ನೆ ಬೇರೆಯಿತ್ತು: ಈ ಮನುಷ್ಯ 2005ರಿಂದ 2015ರವರೆಗೆ ರಕ್ಷಣಾ ಕಾರ್ಯದರ್ಶಿಯಾಗಿದ್ದ, 2009ರಲ್ಲಿ ಮುಲ್ಲಿವೈಕ್ಕಾಲಿನ ಮರಳ ಪಟ್ಟಿಯಲ್ಲಿ ನಮ್ಮವರು ಸತ್ತಾಗ ನೀವು ಪಟಾಕಿ ಹೊಡೆದಿರಿ, ಈಗ ಪೆಟ್ರೋಲ್ ಇಲ್ಲವೆಂದು ಅವನು ಕೆಟ್ಟವನಾದನೇ? ಎಲ್‌ಟಿಟಿಇ ವಿರುದ್ಧದ ಯುದ್ಧದ ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತ್ತು. ಮೈದಾನದ ಬೇಡಿಕೆ ಪಟ್ಟಿಗಳಲ್ಲಿ ಕದ್ದ ಡಾಲರಿಗೆ ಸಿಕ್ಕ ಜಾಗ ಯುದ್ಧದಲ್ಲಿ ಕಾಣೆಯಾದ ಮಕ್ಕಳಿಗೆ ಸಿಗಲಿಲ್ಲ. ಮೈದಾನದ ತುಂಬ ಹಾರಾಡುತ್ತಿದ್ದ ದೇಶದ ಸಿಂಹದ ಬಾವುಟ ಒಬ್ಬರಿಗೆ ದೇಶಪ್ರೇಮ. ತಪಾಸಣಾ ಠಾಣೆಯ ನೆನಪಿರುವವರಿಗೆ ಅದು ಬೇರೇನೋ.

ಹಾಗಿದ್ದೂ ಒಂದು ದಿನವನ್ನು ನಾನು ಇಲ್ಲಿ ನಿಲ್ಲಿಸಿ ನೋಡಲೇಬೇಕು. ಮೇ 18, 2022. ಮುಲ್ಲಿವೈಕ್ಕಾಲಿನಲ್ಲಿ ಪ್ರತಿವರ್ಷ ಈ ದಿನ ಗಂಜಿ ಕಾಯಿಸುತ್ತಾರೆ. ಅಕ್ಕಿ, ನೀರು, ಸಿಕ್ಕಿದರೆ ಚೂರು ಉಪ್ಪು. ಶೆಲ್ಲುಗಳ ಮಳೆಯ ನಡುವೆ ಬಂಕರುಗಳಲ್ಲಿ ಕೂತವರಿಗೆ ಆಗ ಸಿಗುತ್ತಿದ್ದದ್ದು ಅಷ್ಟೇ. ಅದಕ್ಕೇ ರುಚಿಗೆಂದು ಏನನ್ನೂ ಸೇರಿಸುವುದಿಲ್ಲ. ಈ ಗಂಜಿ ಹಂಚುವವರನ್ನು ಪೊಲೀಸರು ತಡೆದ ವರ್ಷಗಳಿವೆ. ಆ ಮೇ 18ರಂದು ಅದೇ ಗಂಜಿ ಕೊಲಂಬೊದ ಗಾಲೆ ಫೇಸಿನಲ್ಲಿ, ಅಧ್ಯಕ್ಷರ ಸಚಿವಾಲಯದ ಮುಂದೆ ಹಂಚಿಕೆಯಾಯಿತು. ಸಿಂಹಳ ಯುವಕರು, ಬೌದ್ಧ ಭಿಕ್ಷುಗಳು, ಪಾದ್ರಿಗಳು ದೀಪ ಹಚ್ಚಿದರು. ಸೇನೆಯ ಕೈಯಲ್ಲಿ ಸತ್ತ ತಮಿಳರಿಗೆ ಸಿಂಹಳರ ದಕ್ಷಿಣದ ಹೃದಯಭಾಗದಲ್ಲಿ ಹೀಗೆ ಬಹಿರಂಗವಾಗಿ ಕಣ್ಣೀರಿಟ್ಟದ್ದು ಅದಕ್ಕೆ ಮೊದಲು ಕಂಡಿರಲಿಲ್ಲ. ಅಲ್ಲಿದ್ದವರು ಕೆಲವೇ ನೂರು ಜನ, ಮೈದಾನದ ಒಂದು ಮೂಲೆ. ಹಲವರು ದೂರ ನಿಂತು ನೋಡಿದರು, ಕೆಲವರಿಗೆ ಕಸಿವಿಸಿಯಾಯಿತು, ಜಾಲತಾಣಗಳಲ್ಲಿ ಬೈಗುಳವೂ ಬಿತ್ತು. ನನ್ನ ಮಟ್ಟಿಗೆ ಅರಗಲಯದ ಅತಿ ದೊಡ್ಡ ದಿನ ಈಜುಕೊಳದ ಜುಲೈ 9 ಅಲ್ಲ, ಸಪ್ಪೆ ಗಂಜಿಯ ಈ ದಿನ.

ಡೇರೆಗಳ ಊರು ನಡೆಯುತ್ತಿದ್ದ ಬಗೆಯನ್ನೂ ಹತ್ತಿರದಿಂದ ನೋಡಬೇಕು. ಅಡುಗೆಮನೆ, ಪ್ರಥಮ ಚಿಕಿತ್ಸೆ, ಕಾನೂನು ನೆರವು, ಗ್ರಂಥಾಲಯ, ಮೊಬೈಲ್ ಚಾರ್ಜ್ ಮಾಡುವ ಸೌರ ಫಲಕಗಳು, ಸಂಜೆಗೊಂದು ಸಿನಿಮಾ ಡೇರೆ, ಪಾಠ ಹೇಳುವ ‘ಜನರ ವಿಶ್ವವಿದ್ಯಾಲಯ’. ನೀರು, ಅನ್ನದ ಪೊಟ್ಟಣಗಳು ದಾನವಾಗಿ ಬರುತ್ತಿದ್ದವು. ಪಕ್ಷದ ಬಾವುಟ, ಪಕ್ಷದ ನಾಯಕರು ಒಳಗೆ ಬರುವಂತಿಲ್ಲ ಎಂಬುದು ಅಲಿಖಿತ ಕಟ್ಟಳೆ. ಈ ಕಟ್ಟಳೆಯಿಂದಲೇ ಯಾವ ಪಕ್ಷಕ್ಕೂ ಸೇರದವರು ಮಕ್ಕಳನ್ನು ಕರೆದುಕೊಂಡು ಧೈರ್ಯವಾಗಿ ಬಂದರು. ತೊಂದರೆ ಇದ್ದದ್ದೂ ಅದರಲ್ಲೇ. ಸಾಮಾನು ಹೊರುವುದು, ವೇದಿಕೆ ಕಟ್ಟುವುದು, ಲಾಠಿಯ ಮುಂದೆ ನಿಲ್ಲುವುದು, ರಾತ್ರಿ ಉಳಿಯುವುದು ಯಾರಿಂದ ಆಗುತ್ತದೆ? ಸಂಘಟನೆಯ ಅನುಭವ ಇದ್ದವರಿಂದ. ಹಾಗೆ ಬಂದವರು ಅಂತರ ವಿಶ್ವವಿದ್ಯಾಲಯ ವಿದ್ಯಾರ್ಥಿ ಒಕ್ಕೂಟದವರು. ಅವರ ಬೆನ್ನಿಗೆ ಪೆರಟುಗಾಮಿ ಎಂದು ಕರೆಯುವ ಮುಂಚೂಣಿ ಸಮಾಜವಾದಿ ಪಕ್ಷ. ಈ ಪಕ್ಷ ಹುಟ್ಟಿದ್ದು 2012ರಲ್ಲಿ, ಜೆವಿಪಿ (ಜನತಾ ವಿಮುಕ್ತಿ ಪೆರಮುನ) ಎಂಬ ಎಡಪಕ್ಷದಿಂದ ಸಿಡಿದು. ಜೆವಿಪಿ 1971ರಲ್ಲೂ 1987–89ರಲ್ಲೂ ಬಂದೂಕು ಹಿಡಿದು ಸಾವಿರಾರು ಯುವಕರನ್ನು ಕಳೆದುಕೊಂಡ ಪಕ್ಷ. ಈ ಬಾರಿ ಅದರ ಕಣ್ಣು ಮತಪೆಟ್ಟಿಗೆಯ ಮೇಲಿತ್ತು, ಬೇರೂವಲದಿಂದ ಕೊಲಂಬೊಗೆ ತನ್ನದೇ ಪಾದಯಾತ್ರೆ ಮಾಡಿತು. ಮುಖ್ಯ ವಿರೋಧ ಪಕ್ಷ ಕ್ಯಾಂಡಿಯಿಂದ ಇನ್ನೊಂದು ಮಾಡಿತು. ಅಂದರೆ ‘ಪಕ್ಷವಿಲ್ಲ’ ಎಂಬ ಮೈದಾನದಲ್ಲಿ ಪಕ್ಷಗಳು ಕಾಣದೆ ಕೆಲಸ ಮಾಡುತ್ತಿದ್ದವು. ಮತ ಹಾಕಿ ತೀರ್ಮಾನಿಸುವ ಸಭೆ ಇರಲಿಲ್ಲ, ಸೋತವರು ಒಪ್ಪಿಕೊಳ್ಳಬೇಕಾದ ನಿಯಮ ಇರಲಿಲ್ಲ. ಅಭಿಪ್ರಾಯ ಬೇರೆಯಾದಾಗ ಒಂದು ಗುಂಪು ಬೇರೆ ಡೇರೆ ಹಾಕಿ ಬೇರೆ ಪತ್ರಿಕಾಗೋಷ್ಠಿ ಮಾಡುತ್ತಿತ್ತು. ನಾಯಕನಿಲ್ಲದಿದ್ದರೆ ಪೊಲೀಸರಿಗೆ ಹಿಡಿಯಲು ತಲೆ ಸಿಗುವುದಿಲ್ಲ, ಖರೆ. ಆದರೆ ‘ಇಂದು ಇಲ್ಲಿಗೆ ನಿಲ್ಲಿಸೋಣ’ ಎಂದರೆ ಎಲ್ಲರೂ ಕೇಳುವ ಬಾಯಿಯೂ ಇರುವುದಿಲ್ಲ.

ಅದು ಮೊದಲು ಗೊತ್ತಾದದ್ದು ಮೇ 9ರಂದು. ಗೋಟಬಯ ಅವರ ಅಣ್ಣ, ಪ್ರಧಾನಿ ಮಹಿಂದ ರಾಜಪಕ್ಸ ಅವರ ಅಧಿಕೃತ ನಿವಾಸ ಟೆಂಪಲ್ ಟ್ರೀಸ್‌ಗೆ ಬಸ್ಸುಗಳಲ್ಲಿ ಬೆಂಬಲಿಗರನ್ನು ಕರೆತಂದರು. ಸಭೆ ಮುಗಿಸಿ ಹೊರಬಂದವರು ಗೇಟಿನ ಎದುರಿನ ಡೇರೆಗಳನ್ನು ಪುಡಿ ಮಾಡಿ, ಗಾಲೆ ರಸ್ತೆಯಲ್ಲಿ ದೊಣ್ಣೆ ಹಿಡಿದು ನಡೆದು, ಗೋಟಾಗೋಗಮಕ್ಕೆ ನುಗ್ಗಿದರು. ದಾರಿಯಲ್ಲಿ ಪೊಲೀಸರಿದ್ದರು, ತಡೆಯಲಿಲ್ಲ. ಗ್ರಂಥಾಲಯ, ಔಷಧಿ ಡೇರೆ ಯಾವುದನ್ನೂ ಬಿಡಲಿಲ್ಲ. ಸುದ್ದಿ ಹರಡಿದ್ದೇ ತಡ ಆಸ್ಪತ್ರೆ, ಕಚೇರಿಗಳಿಂದ ಜನ ಓಡಿ ಬಂದರು. ಸಂಜೆಗೆ ಮಹಿಂದ ರಾಜೀನಾಮೆ ಕೊಟ್ಟರು. ಅಂದೇ ಪ್ರತೀಕಾರ ಹೊತ್ತಿತು. ನಿಟ್ಟಂಬುವದಲ್ಲಿ ಆಡಳಿತ ಪಕ್ಷದ ಸಂಸದ ಅಮರಕೀರ್ತಿ ಅತುಕೋರಳ ಮತ್ತು ಅವರ ಅಂಗರಕ್ಷಕರನ್ನು ಗುಂಪು ಕೊಂದಿತು. ಹತ್ತಾರು ರಾಜಕಾರಣಿಗಳ ಮನೆಗಳು ಬೂದಿಯಾದವು. ಅಹಿಂಸೆಯ ಒಂದು ತಿಂಗಳನ್ನು ಒಂದೇ ರಾತ್ರಿ ನುಂಗಿತು. ಮೈದಾನದವರು ‘ಅದು ನಾವಲ್ಲ’ ಎಂದರು, ಸತ್ಯವೇ ಇರಬಹುದು. ಆದರೆ ಬಾಗಿಲು ಎಲ್ಲರಿಗೂ ತೆರೆದಿದ್ದಾಗ ಯಾರು ‘ನಾವು’ ಎಂದು ಹೇಳುವುದು ಹೇಗೆ? ಅಂದಿನಿಂದ ಆಳುವವರ ಕೈಗೆ ಒಂದು ಪದ ಸಿಕ್ಕಿತು: ಉಗ್ರರು. ಅದನ್ನು ಅವರು ಜತನದಿಂದ ಕಾದಿಟ್ಟರು.

ಮೇ 12ಕ್ಕೆ ರನಿಲ್ ವಿಕ್ರಮಸಿಂಘೆ ಪ್ರಧಾನಿಯಾದರು. 2020ರ ಚುನಾವಣೆಯಲ್ಲಿ ಸ್ವತಃ ಸೋತು, ಪಕ್ಷಕ್ಕೆ ಸಿಕ್ಕ ಒಂದೇ ಒಂದು ರಾಷ್ಟ್ರೀಯ ಪಟ್ಟಿಯ ಸ್ಥಾನದಿಂದ ಸಂಸತ್ತಿಗೆ ಬಂದವರು. ವಿರೋಧ ಪಕ್ಷದ ಸಜಿತ್ ಪ್ರೇಮದಾಸ ಅಧ್ಯಕ್ಷರು ಹೋಗಲಿ ಎಂಬ ಷರತ್ತು ಹಾಕುತ್ತ ಕೂತಾಗ, ಇವರು ಷರತ್ತಿಲ್ಲದೆ ಒಪ್ಪಿಕೊಂಡರು. ಮೈದಾನ ಎರಡಾಯಿತು. ‘ಐಎಂಎಫ್ ಜೊತೆ ಮಾತಾಡಬಲ್ಲವರು, ಸ್ವಲ್ಪ ಕಾಲ ಕೊಡೋಣ’ ಎಂದು ಮಧ್ಯಮ ವರ್ಗದ ಒಂದು ಪಾಲು ಮನೆಗೆ ಹೋಯಿತು. ಉಳಿದವರು ‘ರನಿಲ್ ಗೋ ಹೋಮ್’ ಎಂದರು. ಜೂನ್‌ನಲ್ಲಿ ಡೇರೆಗಳು ಖಾಲಿಯಾಗುತ್ತ ಬಂದವು. ಜೂನ್ ಕೊನೆಗೆ ಅಗತ್ಯ ಸೇವೆ ಬಿಟ್ಟು ಯಾರಿಗೂ ಎಣ್ಣೆಯಿಲ್ಲ ಎಂದು ಸರ್ಕಾರ ಘೋಷಿಸದಿದ್ದರೆ ಜುಲೈ 9 ಅಷ್ಟು ದೊಡ್ಡದಾಗುತ್ತಿತ್ತು ಎಂದು ನನಗನ್ನಿಸುವುದಿಲ್ಲ.

ಆ ದಿನಕ್ಕೆ ಎಣ್ಣೆಯಿಲ್ಲದ ದೇಶ ಕೊಲಂಬೊಗೆ ಬಂದದ್ದೇ ಒಂದು ಸಾಹಸ. ಜನ ಸ್ಟೇಷನ್ನುಗಳಲ್ಲಿ ಸಿಬ್ಬಂದಿಯ ಮೇಲೆ ಒತ್ತಡ ಹಾಕಿ ಕ್ಯಾಂಡಿ, ಗಾಲೆ, ಮಾತರಗಳಿಂದ ರೈಲು ಹೊರಡಿಸಿದರು. ಬೋಗಿ ಸಾಲದೆ ಮೇಲೆ ಹತ್ತಿದರು. ಹಿಂದಿನ ರಾತ್ರಿ ಪೊಲೀಸ್ ಮುಖ್ಯಸ್ಥರು ಹಾಕಿದ ಕರ್ಫ್ಯೂಗೆ ಕಾನೂನಿನ ಆಧಾರವೇ ಇಲ್ಲವೆಂದು ವಕೀಲರ ಸಂಘ ಪಟ್ಟು ಹಿಡಿದ ಮೇಲೆ ಬೆಳಿಗ್ಗೆ ಅದನ್ನು ಹಿಂಪಡೆದರು. ಮಧ್ಯಾಹ್ನಕ್ಕೆ ಅಧ್ಯಕ್ಷರ ಮನೆ ಜನರ ಕೈಯಲ್ಲಿ. ಅಲ್ಲಿ ಸಿಕ್ಕ 1.78 ಕೋಟಿ ರೂಪಾಯಿಯ ಕಟ್ಟುಗಳನ್ನು ಯುವಕರು ಎಣಿಸಿ ಪೊಲೀಸರಿಗೆ ಕೊಟ್ಟರು. ಅದೇ ರಾತ್ರಿ ಇನ್ನಾರೋ ರನಿಲ್ ಅವರ ಸ್ವಂತ ಮನೆಗೆ ಬೆಂಕಿ ಇಟ್ಟರು, ಪುಸ್ತಕಗಳ ಸಮೇತ ಉರಿದುಹೋಯಿತು. ಎರಡೂ ಒಂದೇ ದಿನ, ಒಂದೇ ಹೆಸರಿನಲ್ಲಿ.

ಈಗ ಎರಡನೆಯ ಪ್ರಶ್ನೆಗೆ ಬರೋಣ: ಆಮೇಲೆ ಯಾರು? ಲಂಕೆಯ ಸಂವಿಧಾನದಲ್ಲಿ ಅಧ್ಯಕ್ಷ ಹುದ್ದೆ ನಡುವೆ ತೆರವಾದರೆ ಜನರ ಬಳಿಗೆ ಹೋಗುವುದಿಲ್ಲ. 40ನೇ ವಿಧಿಯ ಪ್ರಕಾರ ಒಂದು ತಿಂಗಳೊಳಗೆ ಸಂಸತ್ತು ತನ್ನ ಸದಸ್ಯರಲ್ಲೇ ಒಬ್ಬರನ್ನು ಗುಪ್ತ ಮತದಾನದಿಂದ ಆರಿಸಬೇಕು. ಅಲ್ಲಿಯವರೆಗೆ ಪ್ರಧಾನಿಯೇ ಹಂಗಾಮಿ. ಸಂಸತ್ತನ್ನು ವಿಸರ್ಜಿಸೋಣವೆಂದರೆ, 2020ರ 20ನೇ ತಿದ್ದುಪಡಿಯ ಪ್ರಕಾರ ಎರಡೂವರೆ ವರ್ಷ ತುಂಬುವವರೆಗೆ ಸಂಸತ್ತೇ ಕೇಳಿಕೊಳ್ಳದೆ ಅದು ಸಾಧ್ಯವಿಲ್ಲ. ಆ ಗಡುವು 2023ರ ಫೆಬ್ರುವರಿಗೆ ಬೀಳುತ್ತಿತ್ತು. ‘225 ಮಂದಿಯೂ ಬೇಡ’ ಎಂಬುದು ಮೈದಾನದ ಇನ್ನೊಂದು ಪ್ರೀತಿಯ ಘೋಷಣೆ. ಗೋಟಬಯ ರಾಜೀನಾಮೆ ಕೊಟ್ಟ ಗಳಿಗೆಯಲ್ಲಿ ದೇಶದ ಮುಂದಿನ ಅಧ್ಯಕ್ಷನನ್ನು ಆರಿಸುವ ಹಕ್ಕು ನೇರವಾಗಿ ಹೋದದ್ದು ಆ 225 ಮಂದಿಯ ಕೈಗೇ, ಅದರಲ್ಲೂ ಗೋಟಬಯ ಪಕ್ಷದ ಬಹುಮತಕ್ಕೆ. ಜುಲೈ 5ರಂದು ಚಳವಳಿಗಾರರು ಹೊರಡಿಸಿದ ಕಾರ್ಯಯೋಜನೆಯಲ್ಲಿ ಒಂದು ವರ್ಷದ ಮಧ್ಯಂತರ ಸರ್ಕಾರ, ಅದರ ಮೇಲೆ ಕಣ್ಣಿಡುವ ಜನಸಭೆ, ಜನಮತಗಣನೆಯಿಂದ ಹೊಸ ಸಂವಿಧಾನ ಎಲ್ಲವೂ ಇದ್ದವು. ಆ ಸರ್ಕಾರದಲ್ಲಿ ಯಾರಿರಬೇಕು, ಸಂಸತ್ತಿನಲ್ಲಿ 113 ಮತ ಎಲ್ಲಿಂದ ತರಬೇಕು ಎಂಬುದು ಇರಲಿಲ್ಲ. ಒಂದು ಹೆಸರು ಬರೆದಿದ್ದರೂ ಮೈದಾನ ಆ ದಿನವೇ ಒಡೆಯುತ್ತಿತ್ತು. ಅದಕ್ಕೇ ಬರೆಯಲಿಲ್ಲ.

ಜುಲೈ 13ರ ನಸುಕಿನಲ್ಲಿ ಗೋಟಬಯ ವಾಯುಪಡೆಯ ವಿಮಾನದಲ್ಲಿ ಮಾಲ್ಡೀವ್ಸ್‌ಗೆ ಹಾರಿದರು. ರನಿಲ್ ಹಂಗಾಮಿ ಅಧ್ಯಕ್ಷ. ಜನ ಫ್ಲವರ್ ರಸ್ತೆಯ ಪ್ರಧಾನಿ ಕಚೇರಿಯನ್ನು ಹಿಡಿದರು, ಅಶ್ರುವಾಯುವಿನ ಹೊಗೆಯಲ್ಲಿ ಒಬ್ಬ ಯುವಕ ಜೀವ ಬಿಟ್ಟ. ಸಂಜೆ ಒಂದು ದೊಡ್ಡ ಗುಂಪು ಸಂಸತ್ತಿನ ಹಾದಿಯ ಪೊಲ್ದುವ ವೃತ್ತಕ್ಕೆ ಹೊರಟಿತು. ಅರಗಲಯ ಒಡೆದದ್ದು ಆ ವೃತ್ತದಲ್ಲಿ. ಅಧ್ಯಕ್ಷರ ಮನೆಗೆ ನುಗ್ಗಿದಾಗ ಜೊತೆಗಿದ್ದವರಲ್ಲಿ ದೊಡ್ಡ ಪಾಲು ಸಂಸತ್ತಿನ ಬಾಗಿಲಲ್ಲಿ ಹಿಂದೆ ಸರಿಯಿತು. ಮೊದಲ ದಿನದಿಂದ ಬೆನ್ನಿಗಿದ್ದ ವಕೀಲರ ಸಂಘ ಸರ್ಕಾರಿ ಕಟ್ಟಡಗಳನ್ನು ಬಿಟ್ಟುಕೊಡಿ ಎಂದಿತು, ಚಳವಳಿಯನ್ನು ಬೆಂಬಲಿಸಿದ್ದ ಹಿರಿಯ ಭಿಕ್ಷು ಓಮಲ್ಪೆ ಸೋಬಿತ ಥೇರೊ ಅವರೂ ಅದನ್ನೇ ಹೇಳಿದರು. ‘ಅಲ್ಲಿ ಕೂತವರು ನಾಳೆ ರನಿಲ್‌ರನ್ನು ಆರಿಸುತ್ತಾರೆ, ಈಗ ತಡೆಯದಿದ್ದರೆ ಇನ್ಯಾವಾಗ’ ಎಂಬ ಯುವಕರ ವಾದವೂ ಹುಸಿಯಾಗಲಿಲ್ಲ. ಸೈನಿಕನ ಬಂದೂಕು ಕಸಿದರು ಎಂದು ಸೇನೆ ಹೇಳಿತು. ಎರಡು ತಿಂಗಳಿಂದ ಕಾದಿಟ್ಟಿದ್ದ ‘ಉಗ್ರರು’ ಎಂಬ ಪದ ಹೊರಬಂತು.

ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯಿತು. ಜುಲೈ 16ಕ್ಕೆ ಕ್ಯೂಆರ್ ಕೋಡಿನ ಇಂಧನ ಪಾಸ್ ಬಂತು. ವಾಹನದ ನೋಂದಣಿಯೊಂದಕ್ಕೆ ಒಂದು ಕೋಡ್. ವಾರಕ್ಕೆ ಬೈಕಿಗೆ 4 ಲೀಟರ್, ತ್ರಿಚಕ್ರಕ್ಕೆ 5, ಕಾರಿಗೆ 20. ಕೋಟಾ ಸಾಲದು, ಆದರೆ ಸಿಗುವುದು ಖಾತ್ರಿ. ಕೆಲವೇ ವಾರಗಳಲ್ಲಿ ಕಿಲೋಮೀಟರುಗಟ್ಟಲೆ ಸಾಲು ಕರಗಿತು. ಸಾಲಿನಲ್ಲಿ ನಿಂತು ಪರಿಚಯವಾಗಿ, ಅಲ್ಲಿಂದಲೇ ಮೈದಾನಕ್ಕೆ ಬಂದಿದ್ದವರು ಬೈಕ್ ಹತ್ತಿ ಕೆಲಸಕ್ಕೆ ಹೋದರು. ಅವರನ್ನು ದೂರುವುದು ಸರಿಯಲ್ಲ. ನಾಲ್ಕು ತಿಂಗಳು ದುಡಿಮೆ ನಿಂತ ಆಟೊ ಚಾಲಕ ಅವನ ಮನೆಯವರಿಗೂ ಉತ್ತರ ಹೇಳಬೇಕು.

ಜುಲೈ 20ರಂದು ಸಂಸತ್ತು ಮತ ಹಾಕಿತು: ರನಿಲ್ 134, ಗೋಟಬಯ ಪಕ್ಷದ ಭಿನ್ನಮತೀಯ ಡಲಸ್ ಅಲಹಪ್ಪೆರುಮ 82, ಜೆವಿಪಿಯ ಅನುರ ಕುಮಾರ ದಿಸಾನಾಯಕೆ 3. ಸಚಿವಾಲಯದ ಕಟ್ಟಡವನ್ನು 22ರ ಮಧ್ಯಾಹ್ನ ಬಿಟ್ಟುಕೊಡುತ್ತೇವೆಂದು ಚಳವಳಿಗಾರರು ತಿಳಿಸಿದ್ದರು. ಅದಕ್ಕೆ ಹನ್ನೆರಡು ಗಂಟೆ ಮೊದಲು, ನಡುರಾತ್ರಿ ದಾಟಿದ ಮೇಲೆ, ಸೇನೆ ಮತ್ತು ಪೊಲೀಸರು ಮುತ್ತಿಗೆ ಹಾಕಿ ಬಡಿದರು. ಆಗಸ್ಟ್‌ನಲ್ಲಿ ವಿದ್ಯಾರ್ಥಿ ನಾಯಕ ವಸಂತ ಮುದಲಿಗೆ ಅವರನ್ನು 1979ರ ಭಯೋತ್ಪಾದನೆ ತಡೆ ಕಾಯ್ದೆಯಲ್ಲಿ ಬಂಧಿಸಿ ಐದು ತಿಂಗಳಿಗೂ ಹೆಚ್ಚು ಒಳಗಿಟ್ಟರು. ತಮಿಳು ಯುವಕರ ಮೇಲೆ ನಲವತ್ತು ವರ್ಷ ಬಳಸಿದ ಕಾಯ್ದೆ ಅದು. ಅದರ ರದ್ದತಿಗೆ ದಕ್ಷಿಣದಲ್ಲಿ ಜೋರು ದನಿ ಎದ್ದದ್ದು ಆಗ.

ಎರಡು ವರ್ಷದ ನಂತರ, 2024ರ ಸೆಪ್ಟೆಂಬರ್‌ನಲ್ಲಿ, ಆ ಮೂರು ಮತದ ದಿಸಾನಾಯಕೆ ಶೇ 42.31 ಮೊದಲ ಪ್ರಾಶಸ್ತ್ಯದ ಮತ ಪಡೆದು, ಎರಡನೇ ಸುತ್ತಿನ ಎಣಿಕೆಯ ಬಳಿಕ ಅಧ್ಯಕ್ಷರಾದರು. ನವೆಂಬರ್‌ನಲ್ಲಿ ಅವರ ಮೈತ್ರಿಕೂಟಕ್ಕೆ 159 ಸ್ಥಾನ. ಯಾಳ್ಪಾಣ ಜಿಲ್ಲೆಯ ಆರರಲ್ಲಿ ಮೂರು. ಮೈದಾನದಲ್ಲಿ ಡೇರೆ ಹಾಕಿ ಲಾಠಿ ತಿಂದ ಪೆರಟುಗಾಮಿಗಳಿಗೆ ಒಂದು ಸ್ಥಾನವೂ ಬರಲಿಲ್ಲ. ಅರಗಲಯದ ಫಲ ಉಂಡದ್ದು, ಚಳವಳಿಯ ಹಗಲಲ್ಲೂ ಹಳ್ಳಿ ಹಳ್ಳಿಯಲ್ಲಿ ಸಮಿತಿ ಕಟ್ಟುತ್ತ ಹೋದ ಪಕ್ಷ. ಚುನಾವಣೆ ನಡೆದದ್ದು, ರದ್ದು ಮಾಡಿ ಎಂದು ಮೈದಾನ ಕೇಳಿದ್ದ ಅದೇ ಕಾರ್ಯಾಂಗೀಯ ಅಧ್ಯಕ್ಷ ಹುದ್ದೆಗೆ.

ಕಿಲಿನೊಚ್ಚಿ, ವವುನಿಯಾಗಳ ರಸ್ತೆ ಬದಿಯಲ್ಲಿ ಇನ್ನೊಂದು ಧರಣಿ ಇದೆ. ಸೇನೆಗೆ ಒಪ್ಪಿಸಿದ ಮೇಲೆ ಮರಳದ ಮಕ್ಕಳ ಫೋಟೊ ಹಿಡಿದು ತಾಯಂದಿರು ಅಲ್ಲಿ ಕೂತದ್ದು 2017ರ ಫೆಬ್ರುವರಿಯಲ್ಲಿ, ಗೋಟಾಗೋಗಮಕ್ಕಿಂತ ಐದು ವರ್ಷ ಮೊದಲು. ಅವರದೂ ಒಂದೇ ಬೇಡಿಕೆ: ಮಕ್ಕಳು ಎಲ್ಲಿ? ಎಷ್ಟೋ ಹೆತ್ತವರು ಉತ್ತರ ಕೇಳದೆಯೇ ತೀರಿಕೊಂಡರು. 2022ರ ಆಗಸ್ಟ್‌ನಲ್ಲಿ ಗಾಲೆ ಫೇಸಿನ ಕೊನೆಯ ಡೇರೆ ಕಿತ್ತಾಗಲೂ ಆ ತಾಯಂದಿರು ಅಲ್ಲೇ ಕೂತಿದ್ದರು.